ಶಾಸನಸಭೆಯ ಪ್ರಶ್ನೆಯೂ ಊರಿನ ನೀರೂ

ರಾಜ್ಯಶಾಸ್ತ್ರದ ನಮ್ಮ ಪಠ್ಯಪುಸ್ತಕಗಳಲ್ಲಿ ಶಾಸಕಾಂಗದ ಅಧ್ಯಾಯ ಒಂದು ಗೊತ್ತಾದ ಕ್ರಮದಲ್ಲಿ ಸಾಗುತ್ತದೆ. ಮೊದಲು ಶಾಸನ ರಚನೆ, ಆಮೇಲೆ ಹಣಕಾಸಿನ ಅಧಿಕಾರ, ಅದಾದ ಮೇಲೆ ಅವಿಶ್ವಾಸ ಗೊತ್ತುವಳಿ. ಕಟ್ಟಕಡೆಗೆ, ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಗೆ ಸಾಕಾಗುವಷ್ಟು, ಪ್ರಶ್ನೋತ್ತರ ವೇಳೆಯ ವಿಷಯ. ನಮ್ಮ ವಿಧಾನಸಭೆಯ ಪ್ರಶ್ನೋತ್ತರಗಳನ್ನು ಕಳೆದ ಎರಡು ವರ್ಷಗಳಿಂದ ಬಿಡುವಾದಾಗಲೆಲ್ಲ ಓದುತ್ತ ಬಂದ ನನಗೆ ಈ ಕ್ರಮ ತಲೆಕೆಳಗಾಗಿರಬೇಕಿತ್ತೆಂದು ತೋರುತ್ತದೆ. ಮಸೂದೆಯನ್ನು ಬರೆಯುವುದು ಸರ್ಕಾರ; ಆಯವ್ಯಯವನ್ನು ಸಿದ್ಧಪಡಿಸುವುದೂ ಸರ್ಕಾರ; ಬಹುಮತವುಳ್ಳ ಸರ್ಕಾರದ ಮಸೂದೆಯಾಗಲಿ ಆಯವ್ಯಯವಾಗಲಿ ಸಭೆಯಲ್ಲಿ ಬಿದ್ದುಹೋಗುವುದು ಅಪರೂಪ. ಪ್ರಶ್ನೆಯೊಂದು ಮಾತ್ರ ಶಾಸಕನದೇ ಸ್ವತ್ತು. ಅವನು ಆಳುವ ಪಕ್ಷದವನಾಗಲಿ, ವಿರೋಧ ಪಕ್ಷದವನಾಗಲಿ, ಹಿಂದಿನ ಸಾಲಿನಲ್ಲಿ ಕುಳಿತ ಪಕ್ಷೇತರನಾಗಲಿ, ಒಂದು ಹಾಳೆಯಲ್ಲಿ ನಾಲ್ಕು ವಾಕ್ಯ ಬರೆದುಕೊಟ್ಟರೆ ಮಂತ್ರಿಗಳು ಅದಕ್ಕೆ ಲಿಖಿತವಾಗಿ ಉತ್ತರ ಕೊಡಬೇಕು. ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯೆಂದು ಸಂವಿಧಾನದ 164ನೆಯ ಅನುಚ್ಛೇದ ಹೇಳುತ್ತದೆಯಷ್ಟೆ. ಆ ಹೊಣೆ ದಿನನಿತ್ಯ ಕಣ್ಣಿಗೆ ಬೀಳುವುದು ಈ ಹಾಳೆಯಲ್ಲಿ.

ಪ್ರಶ್ನೆ ಕೇಳುವ ಪದ್ಧತಿಯ ಹುಟ್ಟಿನಲ್ಲೇ ಹಣದ ವಿಷಯವಿದೆ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಯಾಗಿರುವ ಮೊತ್ತಮೊದಲ ಪ್ರಶ್ನೆ 1721ರದು. ಸೌತ್ ಸೀ ಕಂಪನಿಯ ಹಗರಣದಲ್ಲಿ ಸಾವಿರಾರು ಜನ ದುಡ್ಡು ಕಳೆದುಕೊಂಡಿದ್ದರು. ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿದ್ದ. ಅವನು ಬ್ರಸೆಲ್ಸಿನಲ್ಲಿ ಸೆರೆಸಿಕ್ಕನೆಂಬ ವರ್ತಮಾನ ನಿಜವೇ ಎಂದು ಶ್ರೀಮಂತರ ಸಭೆಯಲ್ಲಿ ಅರ್ಲ್ ಕೌಪರ್ ಕೇಳಿದ. ನಮ್ಮ ದೇಶದಲ್ಲಿ ಪ್ರಶ್ನೆ ಕೇಳುವ ಹಕ್ಕು ದೊರೆತದ್ದು 1892ರ ಕೌನ್ಸಿಲುಗಳ ಕಾಯಿದೆಯಿಂದ. ಮರುವರ್ಷ, 1893ರಲ್ಲಿ, ಭಿಂಗಾ ಸಂಸ್ಥಾನದ ರಾಜರು ಕೇಳಿದ ಮೊದಲ ಪ್ರಶ್ನೆ ಯುದ್ಧದ ವಿಷಯವಲ್ಲ, ವೈಸರಾಯರ ನೀತಿಯ ವಿಷಯವಲ್ಲ. ಸವಾರಿ ಹೊರಟ ಅಧಿಕಾರಿಗಳಿಗೆ ದಿನಸಿ ಒದಗಿಸುವುದರಲ್ಲಿ ಹಳ್ಳಿಯ ಅಂಗಡಿಯವರು ಪಡುವ ಪಾಡಿನ ವಿಷಯ! ರಾಜರೊಬ್ಬರ ಬಾಯಿಂದ ಹಳ್ಳಿಯ ಅಂಗಡಿಯ ಉಪ್ಪು ಮೆಣಸಿನಕಾಯಿ ಶಾಸನಸಭೆಯನ್ನು ಪ್ರವೇಶಿಸಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಆಗ ಉತ್ತರ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಬೇಕಾಗಿತ್ತು. ಉತ್ತರದ ಮೇಲೆ ಉಪಪ್ರಶ್ನೆ ಹಾಕುವ ಹಕ್ಕು, ಅದೂ ಮೂಲಪ್ರಶ್ನೆ ಕೇಳಿದವನಿಗೆ ಮಾತ್ರ, 1909ರಲ್ಲಿ ಬಂತು. ಸಭೆಯ ಯಾವ ಸದಸ್ಯನಾದರೂ ಉಪಪ್ರಶ್ನೆ ಕೇಳಬಹುದೆಂದಾದುದು 1919ರ ಸುಧಾರಣೆಯ ಅನಂತರ. ಪ್ರಶ್ನೆಗೆ ಹಲ್ಲು ಮೂಡಿದ್ದು ಉಪಪ್ರಶ್ನೆಯಿಂದ. ಬರೆದುಕೊಟ್ಟ ಪ್ರಶ್ನೆಗೆ ಕಚೇರಿ ಉತ್ತರ ಬರೆದುಕೊಡಬಹುದು. ಎದ್ದುನಿಂತು ಕೇಳಿದ ಪ್ರಶ್ನೆಗೆ ಮಂತ್ರಿಗಳೇ ಉತ್ತರ ಹೇಳಬೇಕು.

ನಮ್ಮ ಮೈಸೂರು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ 1876-78ರ ಭೀಕರ ಬರದ ಗಾಯ ಇನ್ನೂ ಮಾಗಿರಲಿಲ್ಲ. ಬರಪರಿಹಾರಕ್ಕಾಗಿ ಬ್ರಿಟಿಷರಿಗೆ ತೀರಿಸಬೇಕಾಗಿದ್ದ ಸಾಲವೇ 80 ಲಕ್ಷ ರೂಪಾಯಿ. ದಿವಾನ್ ರಂಗಾಚಾರ್ಲು ಅವರು ಆ ವರ್ಷದ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕೂಡಿಸಿ, 144 ಮಂದಿ ಪ್ರತಿನಿಧಿಗಳ ಮುಂದೆ ರಾಜ್ಯದ ಜಮಾಖರ್ಚನ್ನು ಬಿಚ್ಚಿಟ್ಟರು. ಆ ಸಭೆಗೆ ಮತಹಾಕುವ ಅಧಿಕಾರವಿರಲಿಲ್ಲ. ಸದಸ್ಯರು ಚುನಾಯಿತರೂ ಆಗಿರಲಿಲ್ಲ. ಬಂದವರು ಬಹುಮಟ್ಟಿಗೆ ಹಿಡುವಳಿದಾರರು ಹಾಗೂ ವರ್ತಕರು. ಹೊಲವಿಲ್ಲದವನಿಗೂ ಹೆಂಗಸಿಗೂ ಅಲ್ಲಿ ಎಡೆಯಿರಲಿಲ್ಲ. ಇಷ್ಟೆಲ್ಲ ಕೊರತೆಯಿದ್ದರೂ, ಖಜಾನೆಯ ಲೆಕ್ಕವನ್ನು ರೈತನೆದುರು ಓದಿ ಹೇಳುವುದು ದೊರೆತನದ ಕರ್ತವ್ಯವೆಂದು ಒಂದು ದೇಶೀಯ ಸಂಸ್ಥಾನ ಒಪ್ಪಿಕೊಂಡದ್ದು ಸಾಮಾನ್ಯ ಮಾತಲ್ಲ. ಮುಂದೆ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಹೊಸ ತೆರಿಗೆ ಹಾಕುವ ಮುನ್ನ ಅದರ ಅಭಿಪ್ರಾಯ ಕೇಳಬೇಕೆಂದಾಯಿತು.

ಇನ್ನು ಇಂದಿನ ಕ್ರಮ. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆಗೆ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವನ್ನು ಮಂಡಿಸುವುದಷ್ಟೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಕನಿಷ್ಠ 15 ದಿನಗಳ ಮುಂಗಡ ಸೂಚನೆ ಬೇಕು. ಆ ಇಪ್ಪತ್ತರಲ್ಲಿ ನಿಜವಾಗಿ ಸಭೆಯಲ್ಲಿ ಚರ್ಚೆಗೆ ಬರುವವು ಬೆರಳೆಣಿಕೆಯಷ್ಟು. ಒಂದು ಗಂಟೆ ಮುಗಿದರೆ ಮಿಕ್ಕವೂ ಲಿಖಿತದ ರಾಶಿಗೆ ಸೇರುತ್ತವೆ. ಪ್ರಶ್ನೆಯಲ್ಲಿ ವಾದ ಇರಕೂಡದು, ವ್ಯಂಗ್ಯ ಇರಕೂಡದು, ದೂಷಣೆ ಇರಕೂಡದು. ಊಹೆಯ ಮಾತಿಗೆ ಉತ್ತರ ಕೇಳಕೂಡದು. ನ್ಯಾಯಾಲಯದ ಮುಂದಿರುವ ಸಂಗತಿಯನ್ನು ಎತ್ತಕೂಡದು. ನಮ್ಮ ರಾಜ್ಯದ ಎರಡು ಸದನಗಳಲ್ಲೂ, ಅಂದರೆ 224 ಸದಸ್ಯರ ವಿಧಾನಸಭೆಯಲ್ಲೂ 75 ಸದಸ್ಯರ ವಿಧಾನ ಪರಿಷತ್ತಿನಲ್ಲೂ, ಕಟ್ಟುಪಾಡುಗಳು ಹೆಚ್ಚುಕಡಮೆ ಇದೇ ಜಾಡಿನವು. ಅಧಿವೇಶನ ಬೆಂಗಳೂರಿನ ವಿಧಾನಸೌಧದಲ್ಲಾಗಲಿ, 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಾಗಲಿ, ಪ್ರಶ್ನೆಯ ಹಾಳೆಯ ರೂಪ ಒಂದೇ.

ಆ ಹಾಳೆಯನ್ನು ಕಾಣದ ಸಹಪಾಠಿಗಳಿಗಾಗಿ ಅದರ ರೂಪವನ್ನು ಸ್ವಲ್ಪ ವಿವರಿಸುತ್ತೇನೆ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಮಂತ್ರಿಗಳು. ಕೆಳಗೆ ಎರಡು ಅಂಕಣ. ಎಡಗಡೆ ಪ್ರಶ್ನೆ, ಅ, ಆ, ಇ, ಈ ಎಂದು ಒಡೆದು ಬರೆದದ್ದು. ಬಲಗಡೆ ಅದಕ್ಕೆ ಸರಿಯಾಗಿ ಉತ್ತರ. ಪ್ರಶ್ನೆಯ ಮೊದಲ ಭಾಗ ನೂರಕ್ಕೆ ಎಷ್ಟೋ ಪಾಲು ಹೀಗೆಯೇ ಆರಂಭವಾಗುತ್ತದೆ: "ಇಂಥ ತಾಲ್ಲೂಕಿನಲ್ಲಿ ಇಂಥ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಬಲಗಡೆಯ ಉತ್ತರ ಒಂದೇ ಮಾತು: "ಬಂದಿದೆ." ಎರಡನೆಯದು: "ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?" ಉತ್ತರ: "ಅನುದಾನದ ಲಭ್ಯತೆಗನುಗುಣವಾಗಿ ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು." ಮೂರನೆಯದಕ್ಕೆ "ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ" ಎಂದೋ, "ಪ್ರಸ್ತಾವನೆ ಪರಿಶೀಲನೆಯಲ್ಲಿದೆ" ಎಂದೋ, "ಉದ್ಭವಿಸುವುದಿಲ್ಲ" ಎಂದೋ ಇರುತ್ತದೆ. ಈ "ಉದ್ಭವಿಸುವುದಿಲ್ಲ" ಎಂಬ ಪದವನ್ನು ಮೊದಲು ಓದಿದಾಗ ದೇವಸ್ಥಾನದ ಉದ್ಭವಮೂರ್ತಿಯ ನೆನಪಾಗಿ ನಗು ಬಂತು. ಮೇಲಿನ ಪ್ರಶ್ನೆಗೆ ಇಲ್ಲವೆಂದು ಹೇಳಿಯಾದ ಮೇಲೆ ಕೆಳಗಿನ ಪ್ರಶ್ನೆಯೇ ಹುಟ್ಟುವುದಿಲ್ಲವೆಂದು ಅದರ ಅರ್ಥ.

ಈ ಹಾಳೆ ತಯಾರಾಗುವ ದಾರಿ ಉದ್ದವಾದದ್ದು. ಶಾಸಕರ ಪ್ರಶ್ನೆ ವಿಧಾನಸಭೆಯ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಇಲಾಖೆಯ ಕಾರ್ಯದರ್ಶಿಗಳಿಗೆ. ಅಲ್ಲಿಂದ, ಗ್ರಾಮದ ನೀರಿನ ಪ್ರಶ್ನೆಯಾದರೆ, ಜಿಲ್ಲಾ ಪಂಚಾಯಿತಿಗೆ. ಅಲ್ಲಿಂದ ತಾಲ್ಲೂಕಿನ ಎಂಜಿನಿಯರರ ಉಪವಿಭಾಗಕ್ಕೆ. ಕೊನೆಗೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ. "ಅಧಿವೇಶನದ ಪ್ರಶ್ನೆ, ತುರ್ತು" ಎಂದು ಮೇಲೆ ಬರೆದಿರುತ್ತದೆ. ಉತ್ತರ ಬಂದ ದಾರಿಯಲ್ಲೇ ಮೇಲೇರುತ್ತದೆ. ಹೀಗೆ ಏರುವಾಗ ಪ್ರತಿ ಮೆಟ್ಟಿಲಿನಲ್ಲೂ ಅದರ ಒಂದೊಂದು ಮೂಲೆಯನ್ನು ಉಜ್ಜಿ ನುಣುಪು ಮಾಡುತ್ತಾರೆಂಬುದು ನನ್ನ ಅನುಮಾನ. ಆದರೂ ಇದೇ ದಾರಿಯ ಬಲದಿಂದಲೇ ಎಷ್ಟೋ ಕೆಲಸ ಉತ್ತರ ಸಭೆ ತಲುಪುವ ಮೊದಲೇ ನೆರವೇರಿಬಿಡುತ್ತದೆ. ವರ್ಷಗಟ್ಟಲೆ ಕೆಟ್ಟುನಿಂತ ಪಂಪು ಪ್ರಶ್ನೆ ಬಂದ ವಾರದಲ್ಲಿ ರಿಪೇರಿಯಾಯಿತೆಂದು ಹಳ್ಳಿಯ ಕಡೆಯವರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು.

ಉತ್ತರದ ಕ್ರಿಯಾಪದವನ್ನು ಹಗುರವಾಗಿ ನೋಡಬಾರದು. "ಪರಿಶೀಲಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂಬ ಮಾತುಗಳು ಸಭೆಯ ಲೆಕ್ಕದಲ್ಲಿ ಭರವಸೆಗಳಾಗುತ್ತವೆ. ಮಂತ್ರಿಗಳು ಸಭೆಯಲ್ಲಿ ಕೊಟ್ಟ ಭರವಸೆ ನೆರವೇರಿತೆ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿಯೇ ಇದೆ. ಯಾವ ಯಾವ ಮಾತುಗಳು ಭರವಸೆಯೆನಿಸುತ್ತವೆಂಬ ಪಟ್ಟಿಯೂ ಇದೆ. ನಮ್ಮಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ವ್ಯಾಕರಣದ ತರಗತಿಯಲ್ಲಿ ಭವಿಷ್ಯತ್ಕಾಲದ ಪ್ರತ್ಯಯಗಳನ್ನು ಬೇಸರದಿಂದ ಬಾಯಿಪಾಠ ಮಾಡಿದ ನಮಗೆ, ಒಂದು ಭವಿಷ್ಯತ್ಕಾಲದ ಕ್ರಿಯಾಪದದ ಬೆನ್ನು ಹತ್ತುವುದಕ್ಕೇ ಒಂದು ಸಮಿತಿ ಇದೆಯೆಂದು ಯಾರಾದರೂ ಆಗಲೇ ಹೇಳಿದ್ದರೆ ಆಸಕ್ತಿ ಹೆಚ್ಚುತ್ತಿತ್ತೇನೋ!

ಹಣದ ಮಾತಿಗೆ ಬರೋಣ. ನಮ್ಮ ರಾಜ್ಯದ 2025-26ನೆಯ ಸಾಲಿನ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು ಇಲಾಖೆವಾರು ಬೇಡಿಕೆಗಳೆಂದು ಒಡೆದು ವಿಧಾನಸಭೆಯ ಮತಕ್ಕೆ ಇಡಬೇಕೆಂದು ಸಂವಿಧಾನದ 203ನೆಯ ಅನುಚ್ಛೇದ ವಿಧಿಸುತ್ತದೆ. ಬೇಡಿಕೆಯ ಮೇಲೆ ಸದಸ್ಯನು ಕಡಿತದ ಸೂಚನೆ ತರಬಹುದು. ಅದರಲ್ಲಿ ಒಂದು ಬಗೆ ಸಾಂಕೇತಿಕ ಕಡಿತ: ಕೋಟಿಗಟ್ಟಲೆ ಮೊತ್ತದಿಂದ 100 ರೂಪಾಯಿ ಕಡಿಮೆಮಾಡಬೇಕೆಂದು ಸೂಚಿಸಿ, ಆ ನೆಪದಲ್ಲಿ ಒಂದು ನಿರ್ದಿಷ್ಟ ಕುಂದುಕೊರತೆಯನ್ನು ಸಭೆಯ ಮುಂದಿಡುವುದು. ನೂರು ರೂಪಾಯಿಗೆ ಇಷ್ಟು ಬೆಲೆ ಬೇರೆಲ್ಲೂ ಸಿಗಲಾರದು. ಆದರೆ ವೇಳೆ ಸಾಲದೆ ಹಲವು ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವುದೂ ನಮ್ಮ ದೇಶದ ಸಭೆಗಳಲ್ಲಿ ರೂಢಿಯಾಗಿದೆ. ಖರ್ಚಾದ ಮೇಲೆ ಲೆಕ್ಕ ತಪಾಸಣೆಯ ವರದಿ ರಾಜ್ಯಪಾಲರ ಮೂಲಕ ಸಭೆಗೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಅದನ್ನು ಪರಿಶೀಲಿಸುತ್ತದೆ. ಇದು ಬಹಳ ಬೆಲೆಯುಳ್ಳ ಕೆಲಸವಾದರೂ ವರದಿ ಬರುವ ವೇಳೆಗೆ ಹಣ ಖರ್ಚಾಗಿ ವರ್ಷ ಎರಡು ವರ್ಷ ಕಳೆದಿರುತ್ತದೆ, ಎಂಜಿನಿಯರು ಬೇರೆ ತಾಲ್ಲೂಕಿಗೆ ವರ್ಗವಾಗಿರುತ್ತಾರೆ. ಖರ್ಚು ನಡೆಯುತ್ತಿರುವಾಗಲೇ ಕೈಹಾಕಿ ತಡೆದು ಕೇಳಲು ಸಾಧ್ಯವಾಗುವುದು ಪ್ರಶ್ನೆಯೊಂದರಿಂದ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ 1957ರ ಮುಂದ್ರಾ ಪ್ರಕರಣ. ಜೀವವಿಮಾ ನಿಗಮ ಹುಟ್ಟಿ ವರ್ಷ ತುಂಬುವ ಮೊದಲೇ ಹರಿದಾಸ್ ಮುಂದ್ರಾ ಎಂಬ ವರ್ತಕನ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹೂಡಿತ್ತು. ಈ ವಿಷಯ ಲೋಕಸಭೆಯಲ್ಲಿ ಪ್ರಶ್ನೆಯಾಗಿ ಬಂದಾಗ ಸಿಕ್ಕ ಮೊದಲ ಉತ್ತರ ಜಾರಿಕೊಳ್ಳುವಂಥದು. ಸದಸ್ಯರು ಬಿಡಲಿಲ್ಲ, ಪ್ರಶ್ನೆಯ ಮಾತುಗಳನ್ನು ಬದಲಿಸಿ ಮತ್ತೆ ಕೇಳಿದರು. ಫಿರೋಜ್ ಗಾಂಧಿಯವರು ಆಳುವ ಪಕ್ಷದವರೇ. ಅಂದಿನ ಪ್ರಧಾನಮಂತ್ರಿಗಳ ಅಳಿಯಂದಿರು. ಆ ವರ್ಷದ ಡಿಸೆಂಬರಿನಲ್ಲಿ ಅವರೇ ಎದ್ದುನಿಂತು ಲೆಕ್ಕ ಕೇಳಿದರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಬಹಿರಂಗವಾಗಿ ನಡೆಯಿತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಎಲ್ಲ ಪುಸ್ತಕಗಳೂ ಈ ರಾಜೀನಾಮೆಯನ್ನೇ ಎತ್ತಿ ಹೇಳುತ್ತವೆ. ನನಗೆ ಮುಖ್ಯವಾಗಿ ಕಂಡದ್ದು, ಮೊದಲ ಉತ್ತರ ಜಾರಿದಾಗ ಪ್ರಶ್ನೆಯನ್ನು ತಿದ್ದಿ ಬರೆದ ಆ ತಾಳ್ಮೆ.

ದಿಲ್ಲಿಯ ಕೋಟಿಗಳಿಂದ ನಮ್ಮ ಊರಿನ ನಲ್ಲಿಗೆ ಬರುತ್ತೇನೆ. ದೂರದ ಪ್ರಯಾಣವೆನಿಸಿದರೂ ಪ್ರಶ್ನೆಯ ಶಾಸ್ತ್ರ ಎರಡೂ ಕಡೆ ಒಂದೇ. ಕುಡಿಯುವ ನೀರು ನಮ್ಮ ಬಯಲುಸೀಮೆಯ ರಾಜಕಾರಣದಲ್ಲಿ ಹಳೆಯ ವಿಷಯ. 1983ರಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಗಳಾದ ಅಬ್ದುಲ್ ನಜೀರ್ ಸಾಬರು ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ "ನೀರ್ ಸಾಬ್" ಆದರು. ಮಂತ್ರಿಯೊಬ್ಬರಿಗೆ ಜನ ಇಟ್ಟ ಹೆಸರುಗಳಲ್ಲಿ ಇದಕ್ಕಿಂತ ದೊಡ್ಡ ಬಿರುದನ್ನು ನಾನು ಕಾಣೆ. ಈಚೆಗೆ, 2019ರಲ್ಲಿ, ಜಲಜೀವನ ಯೋಜನೆ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದರ ಹೆಸರು "ಮನೆ ಮನೆಗೆ ಗಂಗೆ". ಗ್ರಾಮದ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರು, ಗೊತ್ತಾದ ಗುಣಮಟ್ಟದ ನೀರು, ಅದೂ ಕ್ರಮವಾಗಿ. ಇಷ್ಟಿದ್ದರೆ ಮಾತ್ರ ನಲ್ಲಿ "ಕಾರ್ಯನಿರತ" ಎನಿಸಬೇಕೆಂದು ಯೋಜನೆಯ ನಿಯಮವೇ ಹೇಳುತ್ತದೆ. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ ಹಣ. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಊರಿನವರೂ ನೂರಕ್ಕೆ ಹತ್ತರಷ್ಟು ವಂತಿಗೆ ಕೊಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿರುವ ಊರುಗಳಲ್ಲಿಯೂ ಗುಡ್ಡಗಾಡಿನಲ್ಲಿಯೂ ಐದರಷ್ಟು. ಮೊದಲ ಗಡುವು 2024. 2025ರ ಕೇಂದ್ರ ಆಯವ್ಯಯದಲ್ಲಿ ಅದನ್ನು 2028ಕ್ಕೆ ಮುಂದೂಡಲಾಯಿತು.

ನಮ್ಮ ಊರಿನಲ್ಲಿಯೂ ಮನೆಗಳ ಮುಂದೆ ಸಿಮೆಂಟಿನ ಗೂಟಕ್ಕೆ ಬಿಗಿದ ನಲ್ಲಿಗಳು ನಿಂತಿವೆ. ಪೈಪು ಹಾಕಲು ಅಗೆದ ಕಾಂಕ್ರೀಟು ರಸ್ತೆಯ ಗೀಟು ಹಾಗೇ ಉಳಿದಿದೆ. ಬೇಸಗೆಯಲ್ಲಿ ನಲ್ಲಿ ಗಾಳಿ ಬಿಡುತ್ತದೆ. ನೀರುಗಂಟಿ ವಾರಕ್ಕೊಮ್ಮೆ ತೊಂಬೆಗೆ ನೀರು ಬಿಟ್ಟರೆ ಅಲ್ಲಿ ಕೊಡಗಳ ಸಾಲು. ನನ್ನ ತಾಯಿ ಕೂಲಿಗೆ ಹೋಗುವ ಮುನ್ನ, ನಸುಕಿನಲ್ಲಿ, ಒಬ್ಬರ ತೋಟದ ಬೋರ್‌ವೆಲ್ಲಿನಿಂದ ಎರಡು ಕೊಡ ತರುತ್ತಾರೆ. ಹೀಗಿರುವಾಗ ನಮ್ಮ ತಾಲ್ಲೂಕಿನ ಈ ಯೋಜನೆಯ ವಿಷಯವಾಗಿ ಸಭೆಯಲ್ಲಿ ಕೊಟ್ಟ ಒಂದು ಉತ್ತರ ನನಗೆ ದೊರೆಯಿತು. ಇಂಥ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಬಿಡುಗಡೆಯಾದದ್ದೆಷ್ಟು, ವೆಚ್ಚವಾದದ್ದೆಷ್ಟು, ಕಾಮಗಾರಿಯ ಹಂತವೇನು ಎಂದು ಗ್ರಾಮವಾರು ಅನುಬಂಧವಿತ್ತು. ನಮ್ಮ ಊರಿನ ಹೆಸರಿನ ಮುಂದೆ "ಪೂರ್ಣಗೊಂಡಿದೆ" ಎಂದಿತ್ತು. ರಜೆಯಲ್ಲಿ ಊರಿಗೆ ಹೋದಾಗ ಜಗುಲಿಯ ಮೇಲೆ ಅದನ್ನು ಓದಿ ಹೇಳಿದೆ. ಕೇಳಿದವರಲ್ಲಿ ಒಬ್ಬಿಬ್ಬರು ಸುಳ್ಳು ಸುಳ್ಳೆಂದು ಕೂಗಾಡಿದರು. ನನ್ನ ತಾಯಿ ಮಾತ್ರ, ಓದು ಬಾರದವರು, ಕೇಳಿದರು: "ನಲ್ಲಿ ಹಾಕಿದ್ದು ಪೂರ್ತಿ ಆಗ್ಯದೆ ಅಂತ ಬರ್ದವ್ರೆ, ಸರಿ ಮಗ, ಅದು ದಿಟವೇ. ನೀರು ಬಿಟ್ಟಿದೀವಿ ಅಂತ ಎಲ್ಲಿ ಬರ್ದವ್ರೆ, ಅದ ಓದು."

ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಏಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ. ಉತ್ತರ ಸುಳ್ಳಲ್ಲ. ಪೈಪು ಹಾಕಿದ್ದು ನಿಜ, ಹಣ ಕೊಟ್ಟಿದ್ದು ನಿಜ. ಪ್ರಶ್ನೆ ಕಾಮಗಾರಿಯನ್ನು ಕುರಿತು ಕೇಳಿತ್ತು, ಉತ್ತರ ಕಾಮಗಾರಿಯನ್ನು ಕುರಿತು ಬಂತು. ಈ ದೃಷ್ಟಿಯಿಂದ ನಾನು ಮತ್ತಷ್ಟು ಹಾಳೆಗಳನ್ನು ತಿರುವಿಹಾಕಿದೆ. ಆಸ್ಪತ್ರೆಯ ಪ್ರಶ್ನೆಯಾದರೆ ಕಟ್ಟಡವೆಷ್ಟು, ಮಂಜೂರಾದ ಹುದ್ದೆಯೆಷ್ಟು, ಶಾಲೆಯ ಪ್ರಶ್ನೆಯಾದರೆ ಕೊಠಡಿಯೆಷ್ಟು, ರಸ್ತೆಯಾದರೆ ಕಿಲೋಮೀಟರೆಷ್ಟು. ಹಣ ಎಲ್ಲಿಂದ ಹೊರಟು ಯಾರಿಗೆ ಸಂದಾಯವಾಯಿತೆಂಬುದರ ವರೆಗೆ ಪ್ರಶ್ನೆ ಹೋಗುತ್ತದೆ. ಸಂದಾಯವಾದ ಮೇಲೆ ಏನು ದೊರೆಯಿತೆಂಬಲ್ಲಿಗೆ ಹೋಗುವುದು ಕಡಮೆ. ನಾನು ಓದಿದ್ದು ಕೆಲವು ನೂರು ಹಾಳೆಗಳಷ್ಟೆ, ಆದ್ದರಿಂದ ಇದನ್ನು ಸಿದ್ಧಾಂತವೆಂದು ಸಾಧಿಸಲಾರೆ; ಬಲ್ಲ ಅಧ್ಯಾಪಕರು ತಿದ್ದಬಹುದು. ಹೀಗಾಗುವುದಕ್ಕೆ ಕಾರಣವೂ ಇದೆ. ಅನುದಾನ ತಂದದ್ದನ್ನು ಶಾಸಕರು ಮುಂದಿನ ಚುನಾವಣೆಯಲ್ಲಿ ಹೇಳಿಕೊಳ್ಳಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ನೀರು ಬಿಟ್ಟ ದಿನಗಳ ಲೆಕ್ಕಕ್ಕೆ ಶಂಕುಸ್ಥಾಪನೆಯಿಲ್ಲ.

ಹಾಗಾದರೆ ಪ್ರಶ್ನೆಯನ್ನು ಹೇಗೆ ಬರೆಯಬೇಕು? ಒಂದು ಮಾದರಿಯನ್ನು ನಾನೇ ರಚಿಸಿ ಕೊಡುತ್ತೇನೆ. "ಕುಡಿಯುವ ನೀರಿನ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂಬ ಆರಂಭವನ್ನು ಕೈಬಿಡುವುದು ಮೊದಲ ಕೆಲಸ, ಗಮನಕ್ಕೆ ಬಂದದ್ದರಿಂದ ಯಾರ ಕೊಡವೂ ತುಂಬುವುದಿಲ್ಲ. ನನ್ನ ಹಾಳೆ ಹೀಗಿದೆ: (ಅ) ಮನೆ ಮನೆಗೆ ಗಂಗೆ ಯೋಜನೆಯಲ್ಲಿ ಈ ತಾಲ್ಲೂಕಿನಲ್ಲಿ ಪೂರ್ಣಗೊಂಡಿದೆಯೆಂದು ತೋರಿಸಿರುವ ಪ್ರತಿಯೊಂದು ಗ್ರಾಮದಲ್ಲಿ ಕಳೆದ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ನಲ್ಲಿಗೆ ನೀರು ಬಿಟ್ಟ ದಿನಗಳೆಷ್ಟು? (ಆ) ತಲಾ 55 ಲೀಟರು ದೊರೆತಿದೆಯೆಂದು ಅಳೆದವರು ಯಾವ ಅಧಿಕಾರಿ, ಅಳೆದ ದಿನಾಂಕ ಯಾವುದು? (ಇ) ಆಯಾ ಗ್ರಾಮದ ನೀರಿನ ಮೂಲ ಯಾವುದು; ಕೊಳವೆಬಾವಿಯಾಗಿದ್ದು ಬತ್ತಿದ್ದರೆ, ಬತ್ತಿದ ತಿಂಗಳು ಯಾವುದು, ಬದಲಿ ಮೂಲ ಯಾವುದು? (ಈ) ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವುದು ಗುತ್ತಿಗೆಯ ಕರಾರಿನಲ್ಲಿ ಸೇರಿತ್ತೇ. ಸೇರಿದ್ದಲ್ಲಿ ಅಂತಿಮ ಬಿಲ್ಲು ಪಾವತಿಯಾದ ದಿನ ಆ ಕೆಲಸ ಮುಗಿದಿತ್ತೇ?

ಇದರಲ್ಲಿ ಒಂದು ಬೈಗುಳವಿಲ್ಲ, ವಾದವಿಲ್ಲ, ಊಹೆಯಿಲ್ಲ. ಸಭೆಯ ನಿಯಮಕ್ಕೆ ಹೊರತಾದದ್ದು ಏನೂ ಇಲ್ಲ. "ಬಂದಿದೆ" ಎಂಬ ಒಂದು ಮಾತಿನಲ್ಲಿ ಮುಗಿಸಲು ಎಡೆಯೂ ಇಲ್ಲ. ನೀರು ಬಿಟ್ಟ ದಿನಗಳ ಲೆಕ್ಕವನ್ನು ಕೊಡಬೇಕಾದರೆ ಯಾರಾದರೂ ಇಟ್ಟಿರಬೇಕು. ಇಟ್ಟಿಲ್ಲವಾದರೆ ಇಟ್ಟಿಲ್ಲವೆಂದು ಸಭೆಯಲ್ಲಿ ಬರೆದುಕೊಡಬೇಕು. ಆ ಒಪ್ಪಿಗೆಯೂ ಒಂದು ಉತ್ತರವೇ. ಮುಂದಿನ ಅಧಿವೇಶನದಲ್ಲಿ ಅದರ ಮೇಲೆ ಇನ್ನೊಂದು ಪ್ರಶ್ನೆ ಕಟ್ಟಬಹುದು.

ಪ್ರಶ್ನೆಯ ಹಕ್ಕನ್ನು ಹಾಳುಮಾಡಿಕೊಂಡ ಸಂದರ್ಭಗಳೂ ನಮ್ಮ ದೇಶದಲ್ಲಿವೆ. 2005ರಲ್ಲಿ ಹಣ ತೆಗೆದುಕೊಂಡು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ ಲೋಕಸಭೆಯ 10 ಮಂದಿ, ರಾಜ್ಯಸಭೆಯ ಒಬ್ಬರು ಸದಸ್ಯತ್ವವನ್ನೇ ಕಳೆದುಕೊಂಡರು. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಕೊರೋನಾ ರೋಗದ ಕಾರಣ ಹೇಳಿ ಪಾರ್ಲಿಮೆಂಟಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಬಿಟ್ಟರು. ಲಿಖಿತ ಉತ್ತರ ಮಾತ್ರ ಉಳಿಯಿತು. ಆಸ್ಪತ್ರೆ, ಆಮ್ಲಜನಕ, ಕೂಲಿಗಾರರ ವಲಸೆ ಎಂದು ಕೇಳಬೇಕಾದ್ದು ಅತಿ ಹೆಚ್ಚಾಗಿದ್ದ ಕಾಲದಲ್ಲಿ ಉಪಪ್ರಶ್ನೆ ಇಲ್ಲವಾದುದು ವಿಷಾದದ ಸಂಗತಿ. ಗದ್ದಲದಲ್ಲಿ ಆ ಒಂದು ಗಂಟೆ ಕೊಚ್ಚಿಹೋಗುವುದಂತೂ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಗದ್ದಲ ಮಾಡುವ ಪಕ್ಷ ಯಾವುದೇ ಆಗಲಿ, ಲಾಭ ಉತ್ತರ ಹೇಳಬೇಕಾದ ಮಂತ್ರಿಗೇ.

ಶಾಸಕನ ಪ್ರಶ್ನೆಗೂ ಸಾಮಾನ್ಯನ ಪ್ರಶ್ನೆಗೂ ನಮ್ಮ ಶಾಸನದಲ್ಲಿ ಒಂದು ಕೊಂಡಿಯಿತ್ತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲವೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 8ನೆಯ ಪ್ರಕರಣ ಹೇಳುತ್ತಿತ್ತು. ಕೂಲಿಯವನನ್ನೂ ಶಾಸಕನನ್ನೂ ಒಂದೇ ಜಗುಲಿಯಲ್ಲಿ ಕೂರಿಸಿದ ವಾಕ್ಯವದು. 2023ರ ದತ್ತಾಂಶ ರಕ್ಷಣೆಯ ಕಾಯಿದೆ ಆ ಪ್ರಕರಣದ ಒಂದು ಖಂಡವನ್ನು ಬದಲಾಯಿಸಿದಾಗ ಈ ವಾಕ್ಯವೂ ಅದರೊಡನೆ ಹೋಯಿತು. ವ್ಯಕ್ತಿಯ ಖಾಸಗಿ ವಿಷಯ ಕಾಪಾಡುವುದು ಅಗತ್ಯವೇ. ಅದಕ್ಕಾಗಿ ಈ ಕೊಂಡಿಯನ್ನು ಕಳಚಬೇಕಾಗಿತ್ತೆಂದು ನನಗೆ ತೋರುವುದಿಲ್ಲ. ನೀರು ಬಿಟ್ಟ ದಿನಗಳ ಲೆಕ್ಕವೇನೂ ಯಾರ ಖಾಸಗಿ ವಿಷಯವಲ್ಲ; ಅದನ್ನು ಹತ್ತು ರೂಪಾಯಿ ಶುಲ್ಕ ಕಟ್ಟಿ ನಾನೂ ಕೇಳಬಹುದು. ಆದರೆ ನನಗೆ ಬರುವ ಉತ್ತರ ನನ್ನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಸಭೆಯಲ್ಲಿ ಬರುವ ಉತ್ತರ ರಾಜ್ಯದ ದಾಖಲೆಯಾಗುತ್ತದೆ, ಅದು ತಪ್ಪಾಗಿದ್ದರೆ ಮಂತ್ರಿಗಳು ಸಭೆಗೆ ಸಮಾಧಾನ ಹೇಳಬೇಕಾಗುತ್ತದೆ.

ಆದ್ದರಿಂದ ಮೇಲಿನ ನಾಲ್ಕು ಭಾಗದ ಪ್ರಶ್ನೆಯನ್ನು ಎರಡು ಪ್ರತಿ ಬರೆದು, ಅಧ್ಯಾಪಕರಿಂದ ಕಾಗುಣಿತ ತಿದ್ದಿಸಿ, ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಕೊಟ್ಟುಬಂದಿದ್ದೇನೆ. ಅಲ್ಲಿದ್ದವರು ಓದಿ ನೋಡಿ, ಇಷ್ಟು ಸಣ್ಣ ವಿಷಯಕ್ಕೆ ಫೋನು ಮಾಡಿಸಿದರೆ ಆಗದೇ ಎಂದರು. ಫೋನು ಮಾಡಿದರೆ ನೀರು ಒಂದು ವಾರ ಬರಬಹುದೆಂದೂ ಪ್ರಶ್ನೆಯಾಗಿಯೇ ಹೋಗಲೆಂದೂ ಬೇಡಿಕೊಂಡೆ. ಸ್ವೀಕೃತಿ ಕೊಡುವ ಪದ್ಧತಿ ಅಲ್ಲಿಲ್ಲವಂತೆ. ಎರಡನೆಯ ಪ್ರತಿಯ ಮೇಲೆ ತಾರೀಖನ್ನು ನಾನೇ ಬರೆದು ಇಟ್ಟುಕೊಂಡಿದ್ದೇನೆ. ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ಸಹಪಾಠಿಗಳಲ್ಲಿ ಯಾರಿಗಾದರೂ ಈ ಮಾದರಿ ಬೇಕಾದರೆ ಗ್ರಂಥಾಲಯದ ನೋಟೀಸು ಹಲಗೆಯ ಪಕ್ಕದಲ್ಲಿ ಒಂದು ಪ್ರತಿ ಅಂಟಿಸಿದ್ದೇನೆ. ತಾಲ್ಲೂಕಿನ ಹೆಸರನ್ನು ಖಾಲಿ ಬಿಟ್ಟಿದೆ.